ಕೌಟುಂಬಿಕ ದೌರ್ಜನ್ಯ ಮತ್ತು ಕುಟುಂಬ ನ್ಯಾಯಾಲಯ: ನೊಂದ ಮಹಿಳೆಗೆ ಕಾನೂನಿನ ನೆರವು

ಮನೆಯೊಳಗೆ ನಡೆಯುವ ಹಿಂಸೆಯನ್ನು ಬಹುಕಾಲ ಸಂಸಾರದ ಗುಟ್ಟೆಂದೇ ಪರಿಗಣಿಸಲಾಗುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯು ಸಣ್ಣಪುಟ್ಟ ಮನಸ್ತಾಪಗಳಿಗೆ ಸಲ್ಲುತ್ತದೆ. ಹೊಡೆತ, ಬೆದರಿಕೆ, ಅವಮಾನ, ಅನ್ನಕ್ಕೂ ಹಣ ಕೊಡದೆ ಕಾಡುವುದು ಇವುಗಳಿಗೆ ಅದು ಸಲ್ಲದು. ಇವು ಕಾನೂನು ತಡೆಯಬೇಕಾದ ದೌರ್ಜನ್ಯಗಳು.

ಮುಂಬಯಿ ನಗರ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಸಯನ್ ಹಾಗೂ ಅದಕ್ಕೆ ಹೊಂದಿಕೊಂಡಿರುವ ಮಾಟುಂಗಾ, ಧಾರಾವಿ ಪ್ರದೇಶಗಳಲ್ಲಿ ಕನ್ನಡಿಗರು ಹಲವು ತಲೆಮಾರುಗಳಿಂದ ನೆಲೆಸಿದ್ದಾರೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ ಸ್ಥಾಪನೆಯಾದದ್ದು 1926ರಲ್ಲಿ. ಕರಾವಳಿಯಿಂದ ಹೋಟೆಲು ಉದ್ಯಮಕ್ಕೆ, ಉತ್ತರ ಕರ್ನಾಟಕದಿಂದ ಕೂಲಿ ಮತ್ತು ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ಇಲ್ಲಿವೆ. ಮದುವೆಯಾಗಿ ಇಲ್ಲಿಗೆ ಬರುವ ಹೆಣ್ಣುಮಗಳಿಗೆ ತವರು ದೂರ. ಊರಿನ ಭಾಷೆ ಹೊಸತು. ವಾಸದ ಕೋಣೆಯ ಕರಾರುಪತ್ರ ಸಾಮಾನ್ಯವಾಗಿ ಗಂಡನ ಅಥವಾ ಮಾವನ ಹೆಸರಿನಲ್ಲಿರುತ್ತದೆ. ದೂರು ಕೊಟ್ಟರೆ ತಲೆಯ ಮೇಲಿನ ಸೂರೇ ತಪ್ಪೀತೆಂಬ ಭಯವು ಆಕೆಯ ಬಾಯಿ ಕಟ್ಟುತ್ತದೆ. ಸುರಕ್ಷತೆ ಬೇಕೋ ಸೂರು ಬೇಕೋ ಎಂಬ ಈ ಸಂಕಟಕ್ಕೆ ಇಂದಿನ ಕಾನೂನಿನಲ್ಲಿ ಉತ್ತರವಿದೆ. ಎರಡನ್ನೂ ಕೇಳುವ ಹಕ್ಕು ಆಕೆಗಿದೆ. ಕೇಳಲು ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ.

ಕುಟುಂಬ ನ್ಯಾಯಾಲಯದ ಸ್ವರೂಪ

ಕೌಟುಂಬಿಕ ವ್ಯಾಜ್ಯಗಳನ್ನು ಇತರ ಸಿವಿಲ್ ವ್ಯಾಜ್ಯಗಳಿಗಿಂತ ಭಿನ್ನವಾದ ಕ್ರಮದಲ್ಲಿ ವಿಚಾರಿಸಬೇಕೆಂದು ಕಾನೂನು ಆಯೋಗವು 1974ರ ತನ್ನ 59ನೆಯ ವರದಿಯಲ್ಲಿ ಅಭಿಪ್ರಾಯಪಟ್ಟಿತ್ತು. ಮಹಿಳಾ ಸಂಘಟನೆಗಳೂ ಇದಕ್ಕಾಗಿ ಒತ್ತಾಯಿಸಿದ್ದವು. ಅದರ ಫಲವಾಗಿ ಸಂಸತ್ತು ಕುಟುಂಬ ನ್ಯಾಯಾಲಯಗಳ ಅಧಿನಿಯಮ, 1984ನ್ನು ಅಂಗೀಕರಿಸಿತು. ಮುಂಬಯಿಯಲ್ಲಿ ಕುಟುಂಬ ನ್ಯಾಯಾಲಯವು 1989ರಲ್ಲಿ ಆರಂಭವಾಯಿತು. ಬಾಂದ್ರಾ ಪೂರ್ವದ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ಈ ನ್ಯಾಯಾಲಯವು ಸಯನ್‌ನಿಂದ ಹೆಚ್ಚು ದೂರವಿಲ್ಲ. ವಿಚ್ಛೇದನ, ನ್ಯಾಯಿಕ ಪ್ರತ್ಯೇಕತೆ, ಜೀವನಾಂಶ, ಮಕ್ಕಳ ಪಾಲನೆ, ದಂಪತಿಗಳ ನಡುವಿನ ಆಸ್ತಿ ವಿವಾದ ಮೊದಲಾದ ವಿಷಯಗಳು ಇಲ್ಲಿ ವಿಚಾರಣೆಗೆ ಬರುತ್ತವೆ.

ಈ ನ್ಯಾಯಾಲಯದ ಕಾರ್ಯವಿಧಾನ ಸರಳ. ಸಾಕ್ಷ್ಯದ ಕಟ್ಟುನಿಟ್ಟಿನ ನಿಯಮಗಳು ಇಲ್ಲಿ ಸಡಿಲಗೊಂಡಿವೆ. ಕಕ್ಷಿದಾರರು ಬಯಸಿದರೆ ವಿಚಾರಣೆಯನ್ನು ಮುಚ್ಚಿದ ಬಾಗಿಲೊಳಗೆ ನಡೆಸಲಾಗುತ್ತದೆ. ಅಧಿನಿಯಮದ 13ನೆಯ ಕಲಮಿನ ಪ್ರಕಾರ ವಕೀಲರನ್ನು ನಿಯೋಜಿಸಿಕೊಳ್ಳುವುದು ಕಕ್ಷಿದಾರರ ಹಕ್ಕಲ್ಲ. ಅದಕ್ಕೆ ನ್ಯಾಯಾಲಯದ ಅನುಮತಿ ಬೇಕು. ವಕೀಲರ ವಾದದ ಜಿದ್ದಿನಲ್ಲಿ ಸಂಸಾರ ಮುರಿಯಬಾರದೆಂಬುದು ಈ ನಿಯಮದ ಆಶಯ. ಆದರೆ ಭಯಗೊಂಡ ಮಹಿಳೆಯೊಬ್ಬಳು ತನ್ನನ್ನು ಹಿಂಸಿಸಿದವನ ಎದುರು ನಿಂತು, ತಿಳಿಯದ ಭಾಷೆಯಲ್ಲಿ ತನ್ನ ಕಥೆ ಹೇಳುವುದು ಸುಲಭದ ಮಾತಲ್ಲ. ಆದುದರಿಂದ ಆಕೆ ವಕೀಲರ ನೆರವಿಗೆ ಅನುಮತಿ ಕೋರಿ ಮೊದಲಿಗೇ ಅರ್ಜಿ ಸಲ್ಲಿಸುವುದು ಲೇಸು. ನ್ಯಾಯದ ಹಿತದೃಷ್ಟಿಯಿಂದ ಅಗತ್ಯವೆನಿಸಿದರೆ ನ್ಯಾಯಾಲಯವು ತಾನಾಗಿಯೇ ಕಾನೂನು ತಜ್ಞರೊಬ್ಬರ ಸಹಾಯ ಪಡೆಯಲೂಬಹುದು.

ದೌರ್ಜನ್ಯ ಎಂದರೆ ಯಾವುದು?

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005 ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಇದರ 3ನೆಯ ಕಲಮು ದೌರ್ಜನ್ಯವನ್ನು ನಾಲ್ಕು ಬಗೆಯಾಗಿ ವಿವರಿಸುತ್ತದೆ:

• ದೈಹಿಕ: ಹೊಡೆಯುವುದು, ನೋಯಿಸುವುದು, ಪ್ರಾಣಕ್ಕೆ ಅಥವಾ ಆರೋಗ್ಯಕ್ಕೆ ಅಪಾಯ ತರುವುದು.
• ಲೈಂಗಿಕ: ಮಹಿಳೆಯ ಘನತೆಗೆ ಕುಂದು ತರುವ ಲೈಂಗಿಕ ವರ್ತನೆ.
• ಮಾತಿನ ಮತ್ತು ಮಾನಸಿಕ: ಹೀಯಾಳಿಕೆ, ಮಕ್ಕಳಿಲ್ಲವೆಂದೋ ಗಂಡು ಮಗುವಿಲ್ಲವೆಂದೋ ಜರೆಯುವುದು, ಪದೇ ಪದೇ ಬೆದರಿಸುವುದು.
• ಆರ್ಥಿಕ: ಮನೆಖರ್ಚಿಗೆ ಹಣ ತಡೆಹಿಡಿಯುವುದು, ಸ್ತ್ರೀಧನವನ್ನು ಮಾರುವುದು, ವಾಸದ ಮನೆಯ ಬಳಕೆಗೆ ಅಡ್ಡಿಪಡಿಸುವುದು.

ಪತ್ನಿಗೆ ಮಾತ್ರವಲ್ಲದೆ ಒಂದೇ ಮನೆಯಲ್ಲಿ ಬಾಳಿದ ತಾಯಿ, ಸಹೋದರಿ, ವಿಧವೆ ಸೊಸೆ ಇವರಿಗೂ ಈ ರಕ್ಷಣೆಯುಂಟು. ವಯಸ್ಕ ಪುರುಷನ ವಿರುದ್ಧ ಮಾತ್ರ ದೂರು ಸಲ್ಲುತ್ತದೆಂಬ ಮಿತಿಯನ್ನು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ತೆಗೆದುಹಾಕಿತು. ಹಿಂಸಿಸುವ ಅತ್ತೆ ನಾದಿನಿಯರ ವಿರುದ್ಧವೂ ಪರಿಹಾರ ಕೋರಬಹುದು.

ನೆರವು ಕೋರಲು ಎರಡು ದಾರಿ

ಮೊದಲನೆಯದು ಮ್ಯಾಜಿಸ್ಟ್ರೇಟರ ನ್ಯಾಯಾಲಯ. 2005ರ ಅಧಿನಿಯಮದ 12ನೆಯ ಕಲಮಿನಡಿ ಮಹಿಳೆ ತಾನೇ ಅರ್ಜಿ ಸಲ್ಲಿಸಬಹುದು. ಆಕೆಯ ಪರವಾಗಿ ಸಂರಕ್ಷಣಾಧಿಕಾರಿ ಅಥವಾ ಬೇರೆ ಯಾರೇ ಆದರೂ ಸಲ್ಲಿಸಬಹುದು. ಅರ್ಜಿ ಬಂದ ಮೂರು ದಿನಗಳೊಳಗೆ, ಸಾಮಾನ್ಯವಾಗಿ, ಮೊದಲ ವಿಚಾರಣೆಯ ದಿನವನ್ನು ಗೊತ್ತುಪಡಿಸಬೇಕು. ಮೊದಲ ವಿಚಾರಣೆಯಿಂದ 60 ದಿನಗಳೊಳಗೆ ಇತ್ಯರ್ಥಪಡಿಸಲು ಪ್ರಯತ್ನಿಸಬೇಕೆಂದು ಅಧಿನಿಯಮವು ವಿಧಿಸಿದೆ. ಅಪಾಯ ಸನಿಹದಲ್ಲಿದ್ದರೆ ಎದುರುಪಕ್ಷದವರು ಬರುವ ಮುನ್ನವೇ ಮಧ್ಯಂತರ ಆದೇಶ ನೀಡುವ ಅಧಿಕಾರವೂ ಮ್ಯಾಜಿಸ್ಟ್ರೇಟರಿಗಿದೆ.

ಎರಡನೆಯದು ಕುಟುಂಬ ನ್ಯಾಯಾಲಯ. ವಿಚ್ಛೇದನ ಅಥವಾ ಜೀವನಾಂಶದ ಮೊಕದ್ದಮೆ ಅಲ್ಲಿ ನಡೆಯುತ್ತಿದ್ದರೆ, ರಕ್ಷಣೆಗಾಗಿ ಬೇರೆ ನ್ಯಾಯಾಲಯಕ್ಕೆ ಅಲೆಯಲೇಬೇಕೆಂದಿಲ್ಲ. ಅಧಿನಿಯಮದ 26ನೆಯ ಕಲಮಿನ ಪ್ರಕಾರ ಸಂರಕ್ಷಣೆ, ವಾಸ, ಹಣಕಾಸಿನ ನೆರವು, ಮಕ್ಕಳ ತಾತ್ಕಾಲಿಕ ಪಾಲನೆ ಮತ್ತು ನಷ್ಟ ಪರಿಹಾರ ಈ ಐದನ್ನೂ ಕುಟುಂಬ ನ್ಯಾಯಾಲಯದಲ್ಲಿಯೇ ಕೋರಬಹುದು. ಒಂದು ಕಡೆ ಪರಿಹಾರ ದೊರೆತಿದ್ದರೆ ಆ ಸಂಗತಿಯನ್ನು ಇನ್ನೊಂದು ಕಡೆ ತಪ್ಪದೆ ತಿಳಿಸಬೇಕು.

ಇವೆರಡೂ ಮುಖ್ಯವಾಗಿ ಪರಿಹಾರ ನೀಡುವ ಕ್ರಮಗಳು. ಗಂಡನಾಗಲಿ ಆತನ ಬಂಧುಗಳಾಗಲಿ ಎಸಗಿದ ಕ್ರೌರ್ಯಕ್ಕೆ ಶಿಕ್ಷೆಯಾಗಬೇಕೆಂದು ಬಯಸಿದರೆ ಪೊಲೀಸು ಠಾಣೆಯಲ್ಲಿ ಪ್ರತ್ಯೇಕ ದೂರು ಕೊಡಬೇಕು. ಭಾರತೀಯ ದಂಡ ಸಂಹಿತೆಯ 498ಎ ಕಲಮಿನಲ್ಲಿದ್ದ ಈ ಅಪರಾಧವು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಲ್ಲಿ ಸೇರಿದೆ. ಮೂರು ವರ್ಷಗಳವರೆಗಿನ ಸೆರೆವಾಸ ಮತ್ತು ಜುಲ್ಮಾನೆ ಇದಕ್ಕೆ ವಿಧಿಸಿರುವ ಶಿಕ್ಷೆ.

ಸೂರಿನ ಹಕ್ಕು

ಮನೆಯ ಮಾಲೀಕತ್ವವಾಗಲಿ ಬಾಡಿಗೆ ಕರಾರಾಗಲಿ ತನ್ನ ಹೆಸರಿನಲ್ಲಿಲ್ಲದಿದ್ದರೂ, ಸಂಸಾರ ನಡೆಸಿದ ಮನೆಯಲ್ಲಿ ವಾಸಿಸುವ ಹಕ್ಕು ಮಹಿಳೆಗಿದೆಯೆಂದು 17ನೆಯ ಕಲಮು ಸಾರುತ್ತದೆ. ಕಾನೂನುಬದ್ಧ ಕ್ರಮವಿಲ್ಲದೆ ಆಕೆಯನ್ನು ಹೊರಹಾಕುವಂತಿಲ್ಲ. ಮನೆಯು ಮಾವನ ಸ್ವಂತದ್ದಾದರೆ ಸೊಸೆಗೆ ಅಲ್ಲಿ ಹಕ್ಕಿಲ್ಲವೆಂಬ ಅಭಿಪ್ರಾಯವು 2006ರ ತೀರ್ಪೊಂದರಿಂದ ಬಲಗೊಂಡಿತ್ತು. ಸತೀಶ್ ಚಂದರ್ ಅಹುಜಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರ ಅಕ್ಟೋಬರ್ 15ರಂದು ಆ ತೀರ್ಪನ್ನು ತಳ್ಳಿಹಾಕಿತು. ಗಂಡನ ಬಂಧುಗಳಿಗೆ ಸೇರಿದ ಮನೆಯೂ ದಂಪತಿಗಳು ನೆಲೆಯಾಗಿ ಬಾಳಿದ ಮನೆಯಾಗಿದ್ದಲ್ಲಿ ಅದು ‘ಹಂಚಿಕೊಂಡ ವಾಸಗೃಹ’ ಆಗಬಲ್ಲದು.

ಒಂದೇ ಕೋಣೆಯ ಚಾಳಿನಲ್ಲಿ ಹಿಂಸಿಸುವವನ ಜೊತೆಗೆ ವಾಸಿಸುವುದು ಅಸಾಧ್ಯವಾಗಬಹುದು. ಇಂತಹ ಸಂದರ್ಭಕ್ಕಾಗಿ 19ನೆಯ ಕಲಮು ಎರಡು ಉಪಾಯಗಳನ್ನು ಒದಗಿಸಿದೆ: ಹಿಂಸಿಸಿದ ಪುರುಷನನ್ನು ಮನೆಯಿಂದ ಹೊರಗಿರುವಂತೆ ಆದೇಶಿಸಬಹುದು, ಇಲ್ಲವೆ ಅದೇ ಮಟ್ಟದ ಬೇರೆ ಮನೆಯನ್ನು ಒದಗಿಸಬೇಕೆಂದು ಅಥವಾ ಅದರ ಬಾಡಿಗೆ ಕೊಡಬೇಕೆಂದು ಆದೇಶಿಸಬಹುದು. ಸಂರಕ್ಷಣಾ ಆದೇಶವನ್ನು ಮುರಿದವನಿಗೆ ಒಂದು ವರ್ಷದವರೆಗಿನ ಸೆರೆವಾಸ, 20,000 ರೂಪಾಯಿಗಳವರೆಗಿನ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಜೀವನಾಂಶ

ಸ್ವಂತ ವರಮಾನವಿಲ್ಲದ ಪತ್ನಿ ಮತ್ತು ಮಕ್ಕಳು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಡಿ ಕುಟುಂಬ ನ್ಯಾಯಾಲಯದಲ್ಲಿ ಜೀವನಾಂಶ ಕೋರಬಹುದು. 2024ಕ್ಕೆ ಮುನ್ನ ಇದು ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು ಎಂದು ಪರಿಚಿತವಾಗಿತ್ತು. ತಿಂಗಳಿಗೆ 500 ರೂಪಾಯಿಗಳೆಂಬ ಹಿಂದಿನ ಗರಿಷ್ಠ ಮಿತಿಯನ್ನು 2001ರಲ್ಲಿ ರದ್ದುಪಡಿಸಲಾಗಿದೆ. ರಜನೀಶ್ ಮತ್ತು ನೇಹಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರ ನವೆಂಬರ್‌ನಲ್ಲಿ ನೀಡಿದ ತೀರ್ಪಿನಂತೆ, ಜೀವನಾಂಶವು ಅರ್ಜಿ ಸಲ್ಲಿಸಿದ ದಿನದಿಂದಲೇ ಸಲ್ಲಬೇಕು. ಎರಡೂ ಪಕ್ಷದವರು ತಮ್ಮ ಆಸ್ತಿ, ಆದಾಯ ಮತ್ತು ಹೊಣೆಗಳನ್ನು ಪ್ರಮಾಣಪತ್ರದ ಮೂಲಕ ಬಹಿರಂಗಪಡಿಸಬೇಕು. ವರಮಾನವನ್ನು ಮರೆಮಾಚುವುದು ಇದರಿಂದ ಕಷ್ಟವಾಗಿದೆ.

ಉಚಿತ ಕಾನೂನು ನೆರವು

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 12ನೆಯ ಕಲಮು ಬಹು ಮಹತ್ವದ್ದು. ಅದರ ಪ್ರಕಾರ ಪ್ರತಿಯೊಬ್ಬ ಮಹಿಳೆಯೂ ಉಚಿತ ಕಾನೂನು ಸೇವೆಗೆ ಅರ್ಹಳು. ಆಕೆಯ ಆದಾಯವೆಷ್ಟೆಂಬ ಪ್ರಶ್ನೆ ಇಲ್ಲಿಲ್ಲ. ಅರ್ಜಿ ಬರೆಯುವುದು, ವಕೀಲರ ನೇಮಕ, ಶುಲ್ಕ, ದಾಖಲೆಗಳ ಭಾಷಾಂತರ ಇವೆಲ್ಲ ಈ ನೆರವಿನಲ್ಲಿ ಸೇರಬಹುದು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಲ್ಲಿ ಅಥವಾ 15100 ಸಂಖ್ಯೆಗೆ ದೂರವಾಣಿ ಮಾಡಿ ನೆರವು ಕೋರಬಹುದು. ಜೀವನಾಂಶ, ಆಸ್ತಿ ವಿವಾದ, ಹಿಂಸೆ ಮತ್ತು ವಿಚ್ಛೇದನದ ಮೊಕದ್ದಮೆಗಳಲ್ಲಿ ಮಹಿಳೆಯರಿಗೆ ನ್ಯಾಯಾಲಯ ಶುಲ್ಕದಿಂದ ವಿನಾಯಿತಿ ನೀಡುವ ಅಧಿಸೂಚನೆಯನ್ನು ಮಹಾರಾಷ್ಟ್ರ ಸರ್ಕಾರವು 1994ರಲ್ಲಿ ಹೊರಡಿಸಿತು.

ಸರ್ಕಾರದ ನೆರವಿನ ಜೊತೆಗೆ ಮುಂಬಯಿಯಲ್ಲಿ ಸ್ವಯಂಸೇವಾ ಸಂಸ್ಥೆಗಳ ಬಲವೂ ಇದೆ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು 1984ರಲ್ಲಿ ಮುಂಬಯಿ ಪೊಲೀಸರೊಡಗೂಡಿ ಮಹಿಳೆಯರು ಮತ್ತು ಮಕ್ಕಳಿಗಾಗಿ ವಿಶೇಷ ಘಟಕವನ್ನು ಆರಂಭಿಸಿತು. ಸಯನ್ ಆಸ್ಪತ್ರೆಯ ಶಿಶುವೈದ್ಯೆ ಡಾ. ಅರ್ಮಿಡಾ ಫರ್ನಾಂಡಿಸ್ 1999ರಲ್ಲಿ ಸ್ಥಾಪಿಸಿದ ‘ಸ್ನೇಹಾ’ ಸಂಸ್ಥೆಯು ಧಾರಾವಿಯಲ್ಲಿ ನೊಂದ ಮಹಿಳೆಯರಿಗೆ ಆಪ್ತಸಲಹೆ ಒದಗಿಸುತ್ತ ಬಂದಿದೆ. ಮಂಗಳೂರಿನಲ್ಲಿ ಬೆಳೆದ ಫ್ಲೇವಿಯಾ ಆಗ್ನೆಸ್ ತಮ್ಮ ದಾಂಪತ್ಯದಲ್ಲಿ ವರ್ಷಗಟ್ಟಲೆ ಹಿಂಸೆ ಅನುಭವಿಸಿ, ಅದರಿಂದ ಹೊರಬಂದ ಮೇಲೆ ಕಾನೂನು ಓದಿ ವಕೀಲರಾದರು. ಮುಂಬಯಿಯಲ್ಲಿ ‘ಮಜ್ಲಿಸ್’ ಸಂಸ್ಥೆಯನ್ನು ಕಟ್ಟಿ ಮಹಿಳೆಯರಿಗೆ ನ್ಯಾಯಾಲಯದಲ್ಲಿ ನೆರವಾದರು.

ರಾಜಿ ಸಂಧಾನ: ಎಚ್ಚರದ ಮಾತು

ಮೊದಲು ರಾಜಿಗೆ ಪ್ರಯತ್ನಿಸುವುದು ಕುಟುಂಬ ನ್ಯಾಯಾಲಯದ ಕರ್ತವ್ಯ. ಇದಕ್ಕಾಗಿ ಅಲ್ಲಿ ಸಲಹೆಗಾರರಿರುತ್ತಾರೆ. ಹಲವು ಸಂಸಾರಗಳು ಇದರಿಂದ ಉಳಿಯಬಹುದು. ಆದರೆ ಹಿಂಸೆ ನಡೆದಿರುವಲ್ಲಿ ಆ ಸಂಗತಿಯನ್ನು ಸಲಹೆಗಾರರಿಗೆ ಮೊದಲ ಭೇಟಿಯಲ್ಲಿಯೇ ತಿಳಿಸಬೇಕು. ಗಂಡನ ಎದುರು ಮಾತನಾಡಲು ಅಂಜಿಕೆಯಾದರೆ ಪ್ರತ್ಯೇಕವಾಗಿ ಮಾತನಾಡಲು ಅವಕಾಶ ಕೇಳಬೇಕು. ರಾಜಿಗೆ ಇಬ್ಬರ ಮನಃಪೂರ್ವಕ ಒಪ್ಪಿಗೆ ಅಗತ್ಯ. ಓದಿಸಿ, ಸ್ವಭಾಷೆಯಲ್ಲಿ ಅರ್ಥ ತಿಳಿದುಕೊಳ್ಳದೆ ಯಾವ ಕಾಗದಕ್ಕೂ ಸಹಿ ಅಥವಾ ಹೆಬ್ಬೆಟ್ಟು ಹಾಕಬಾರದು.

ಜೋಪಾನ ಮಾಡಬೇಕಾದ ದಾಖಲೆಗಳು

ಪೆಟ್ಟಾದಾಗ ಆಸ್ಪತ್ರೆಗೆ ಹೋಗುವುದು ಚಿಕಿತ್ಸೆಗೂ ಸಾಕ್ಷ್ಯಕ್ಕೂ ಅಗತ್ಯ. ಸಯನ್ ಆಸ್ಪತ್ರೆಯೆಂದೇ ಪರಿಚಿತವಾದ ಲೋಕಮಾನ್ಯ ತಿಲಕ್ ಪುರಸಭಾ ಆಸ್ಪತ್ರೆ ಸಮೀಪದಲ್ಲಿಯೇ ಇದೆ. ಗಾಯವು ಹೇಗಾಯಿತೆಂಬ ನಿಜವನ್ನು ವೈದ್ಯರಿಗೆ ಹೇಳಿ ಬರೆಯಿಸಬೇಕು. ಬಿದ್ದೆನೆಂದು ಹೇಳಿದರೆ ದಾಖಲೆಯೂ ಹಾಗೆಯೇ ಉಳಿಯುತ್ತದೆ. ವೈದ್ಯಕೀಯ ಕಾಗದಗಳು, ಪೊಲೀಸು ದೂರಿನ ಪ್ರತಿ, ಮದುವೆಯ ಆಮಂತ್ರಣ ಪತ್ರ ಮತ್ತು ಛಾಯಾಚಿತ್ರ, ವಾಸಸ್ಥಳದ ಪುರಾವೆ, ಮಕ್ಕಳ ಜನನ ಪ್ರಮಾಣಪತ್ರ, ಒಡವೆಗಳ ರಸೀದಿ, ಬೆದರಿಕೆಯ ಸಂದೇಶಗಳು ಇವುಗಳ ಪ್ರತಿಗಳನ್ನು ನಂಬಿಕೆಯವರ ಬಳಿ ಇರಿಸುವುದು ಕ್ಷೇಮ. ಕನ್ನಡದಲ್ಲಿರುವ ದಾಖಲೆಗಳನ್ನು ಮರಾಠಿ ಅಥವಾ ಇಂಗ್ಲಿಷಿಗೆ ಭಾಷಾಂತರಿಸಿ ಸಲ್ಲಿಸಬೇಕಾಗುತ್ತದೆ. ಈ ನೆರವನ್ನು ವಕೀಲರ ಮೂಲಕ ಮೊದಲೇ ಕೇಳಿಕೊಳ್ಳಬೇಕು.

ತವರಿಗೆ ಮರಳಿದ್ದರೆ

ಹಿಂಸೆ ತಾಳಲಾರದೆ ಕಲಬುರಗಿಗೋ ಉಡುಪಿಗೋ ಹಿಂದಿರುಗಿದ ಮಹಿಳೆ ಮುಂಬಯಿಗೆ ಬಂದೇ ಮೊಕದ್ದಮೆ ಹೂಡಬೇಕೆಂದಿಲ್ಲ. 2005ರ ಅಧಿನಿಯಮದ 27ನೆಯ ಕಲಮಿನ ಪ್ರಕಾರ ಆಕೆ ತಾತ್ಕಾಲಿಕವಾಗಿ ವಾಸಿಸುವ ಊರಿನ ಮ್ಯಾಜಿಸ್ಟ್ರೇಟರಿಗೂ ಅಧಿಕಾರವಿದೆ. ಜೀವನಾಂಶದ ಅರ್ಜಿಯನ್ನೂ ಆಕೆ ವಾಸಿಸುವ ಜಿಲ್ಲೆಯಲ್ಲಿ ಸಲ್ಲಿಸಬಹುದು. ಹಿಂದೂ ವಿವಾಹ ಅಧಿನಿಯಮಕ್ಕೆ 2003ರಲ್ಲಿ ಆದ ತಿದ್ದುಪಡಿಯು ಪತ್ನಿಗೆ ತಾನಿರುವ ಊರಿನಲ್ಲಿಯೇ ವಿಚ್ಛೇದನದ ಅರ್ಜಿ ಸಲ್ಲಿಸಲು ಅವಕಾಶ ನೀಡಿದೆ. ಗಂಡನು ಮುಂಬಯಿಯಲ್ಲಿ ಮೊಕದ್ದಮೆ ಹೂಡಿದ್ದರೆ ಅದನ್ನು ಕರ್ನಾಟಕಕ್ಕೆ ವರ್ಗಾಯಿಸುವಂತೆ ಸರ್ವೋಚ್ಚ ನ್ಯಾಯಾಲಯವನ್ನು ಕೋರಬಹುದು.

ನೆರೆಹೊರೆಯವರ ಹೊಣೆ

ಚಾಳಿನ ಗೋಡೆಗಳು ತೆಳು. ಒಂದು ಮನೆಯ ಅಳು ಪಕ್ಕದ ಮನೆಗೆ ಕೇಳಿಸುತ್ತದೆ. ದೌರ್ಜನ್ಯ ನಡೆಯುತ್ತಿದೆಯೆಂದು ತಿಳಿದ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲದೆಂದು 4ನೆಯ ಕಲಮು ಅಭಯ ನೀಡುತ್ತದೆ. ತುರ್ತು ಸಂದರ್ಭದಲ್ಲಿ 112, ಮಹಿಳಾ ಸಹಾಯವಾಣಿಗೆ 181 ಸಂಖ್ಯೆಗಳಿವೆ. ದೂರು ಬಂದಾಗ ಮಹಿಳೆಗೆ ಆಕೆಯ ಹಕ್ಕುಗಳನ್ನೂ ಉಚಿತ ಕಾನೂನು ನೆರವಿನ ವಿಷಯವನ್ನೂ ತಿಳಿಸುವುದು ಪೊಲೀಸರ ಕರ್ತವ್ಯ.

ಕಾನೂನು ಪುಸ್ತಕದಲ್ಲಿರುವ ಹಕ್ಕು ನೊಂದ ಮಹಿಳೆಯ ಕೈಸೇರಬೇಕಾದರೆ ಅದು ಆಕೆಗೆ ತಿಳಿದಿರಬೇಕು. ಆಕೆಯ ಜೊತೆಗೆ ನ್ಯಾಯಾಲಯದವರೆಗೆ ಒಬ್ಬರಾದರೂ ಬರಬೇಕು. ಕನ್ನಡ ಬಲ್ಲ ನೆರೆಯವರು, ಬಂಧುಗಳು, ಸಂಘಸಂಸ್ಥೆಗಳು ಆ ಮೊದಲ ದಿನ ಆಕೆಯ ಮಾತಿಗೆ ದನಿಯಾದರೆ, ಉಳಿದ ದಾರಿಯನ್ನು ಆಕೆ ಧೈರ್ಯದಿಂದ ನಡೆಯಬಲ್ಲಳು.