ಜನದಿಂದ ಮಹಾಜನಪದಕ್ಕೆ

ಋಗ್ವೇದದ ಕಾಲದಲ್ಲಿ, ಅಂದರೆ ಸುಮಾರು ಕ್ರಿ.ಪೂ. 1500ರಿಂದ 1000ರವರೆಗಿನ ಅವಧಿಯಲ್ಲಿ, ಸಪ್ತಸಿಂಧು ಪ್ರದೇಶದ ಭರತ, ಪೂರು, ಯದು ಮೊದಲಾದ ಬುಡಕಟ್ಟುಗಳಿಗೆ 'ಜನ' ಎಂಬ ಹೆಸರಿತ್ತು. ರಕ್ತಸಂಬಂಧವೇ ಬೆಸುಗೆಯಾಗಿದ್ದ ಈ ಗುಂಪುಗಳಲ್ಲಿ ದನಗಳೇ ಸಂಪತ್ತು. ರಾಜನೆನಿಸಿಕೊಂಡವನು ನೆಲದ ಒಡೆಯನಾಗಿರದೆ, ಸಭೆ, ಸಮಿತಿ ಎಂಬ ಕೂಟಗಳ ಮಾತಿಗೆ ಕಿವಿಗೊಡಬೇಕಾಗಿದ್ದ ಮುಂದಾಳು ಮಾತ್ರನಾಗಿದ್ದನು. ಪರುಷ್ಣೀ ನದಿಯ, ಎಂದರೆ ಇಂದಿನ ರಾವಿಯ, ದಡದಲ್ಲಿ ನಡೆದ ದಾಶರಾಜ್ಞ ಯುದ್ಧದಲ್ಲಿ ಭರತರ ಸುದಾಸನು ಪೂರುಗಳನ್ನೂ ಅವರ ಮಿತ್ರರನ್ನೂ ಸೋಲಿಸಿದನು. ಮುಂದೆ ಗೆದ್ದವರೂ ಸೋತವರೂ ಬೆರೆತು ಕುರುಗಳೆಂಬ ಹೊಸ ಸಮುದಾಯವಾದರು.

ಕುರುಗಳು ಗಂಗಾ-ಯಮುನೆಗಳ ನಡುವಣ ಬಯಲಿನಲ್ಲಿ ಬೇಸಾಯ ಹಿಡಿದು ನೆಲೆನಿಂತಾಗ, ಜನವು ಕಾಲೂರಿದ ನೆಲ ಎಂಬರ್ಥದಲ್ಲಿ ಆ ನಾಡು 'ಜನಪದ'ವಾಯಿತು. 1950-52ರಲ್ಲಿ ಇದೇ ನಾಡಿನ ಹಸ್ತಿನಾಪುರದಲ್ಲಿ ನಡೆದ ಉತ್ಖನನದಲ್ಲಿ, ಬೂದುಬಣ್ಣದ ಮೇಲೆ ಕಪ್ಪು ಗೆರೆ ಎಳೆದ ಮಡಕೆಗಳಿದ್ದ ಸ್ತರದಲ್ಲಿ ಸಿಕ್ಕಿದ್ದು ಮಣ್ಣಿನ ಗೋಡೆಗಳು, ಕರಕಲಾದ ಅಕ್ಕಿಯ ಕಾಳು, ದನಗಳ ಮೂಳೆ. ಮಹಾಭಾರತದ ಅರಮನೆಗಳನ್ನು ಹುಡುಕಿ ಹೊರಟವರಿಗೆ ಇದು ನಿರಾಶೆ ತಂದೀತು.

ರಾಜ್ಯದ ಹುಟ್ಟಿಗೆ ಕಬ್ಬಿಣದ ಕೊಡಲಿ, ನೇಗಿಲುಗಳೇ ಕಾರಣವೆಂಬ ವಾದ ಬಹುಕಾಲ ಪ್ರಚಲಿತವಾಗಿತ್ತು. ಆದರೆ ಉಪಕರಣ ಸುಧಾರಿಸಿದ ಮಾತ್ರಕ್ಕೆ ರೈತನು ತನ್ನ ಹೊಟ್ಟೆಗೆ ಬೇಕಾದುದಕ್ಕಿಂತ ಹೆಚ್ಚು ಬೆಳೆಯುವುದಿಲ್ಲ. ಹೆಚ್ಚುವರಿ ಧಾನ್ಯವನ್ನು ಕೇಳಿ ಪಡೆಯುವ ಅಧಿಕಾರವೊಂದು ಅವನ ಬಾಗಿಲಿಗೆ ಬರಬೇಕು. ಮೊದಲು ಕುಲಬಾಂಧವರು ಮನಸಾರೆ ಒಪ್ಪಿಸುತ್ತಿದ್ದ 'ಬಲಿ' ಎಂಬ ಕಾಣಿಕೆ ಉತ್ತರ ವೈದಿಕ ಕಾಲಕ್ಕೆ ಕೊಡಲೇಬೇಕಾದ ತೆರಿಗೆಯಾದುದು ಈ ದೃಷ್ಟಿಯಿಂದ ಕಬ್ಬಿಣಕ್ಕಿಂತ ದೊಡ್ಡ ಬದಲಾವಣೆ. ರಾಜಸೂಯ ಯಾಗದಲ್ಲಿ ರಾಜನು 'ರತ್ನಿ'ಗಳೆಂಬ ಪ್ರಮುಖರ ಮನೆಗಳಿಗೆ ಹೋಗಿ ಹವಿಸ್ಸು ಅರ್ಪಿಸಬೇಕಿತ್ತು. ಅವರಲ್ಲಿ ಪಟ್ಟದ ರಾಣಿ, ಪುರೋಹಿತ, ಸೇನಾನಿಗಳ ಜೊತೆಗೆ ರಾಜನ ಪಾಲನ್ನು ವಸೂಲು ಮಾಡುವ 'ಭಾಗದುಘ'ನೂ ಇದ್ದನು. ಬಂಧುಗಳ ಕೂಟವು ಆಡಳಿತವಾಗುತ್ತಿದ್ದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕುರುಹು ಬೇಕಿಲ್ಲ.

ಕ್ರಿ.ಪೂ. ಆರನೆಯ ಶತಮಾನದ ಹೊತ್ತಿಗೆ ಇಂಥ ಜನಪದಗಳಲ್ಲಿ ಬಲಾಢ್ಯವಾದವು ಮಹಾಜನಪದಗಳೆನಿಸಿದವು. ಬೌದ್ಧರ ಅಂಗುತ್ತರ ನಿಕಾಯವು ಅಂಥ 16ನ್ನು ಹೆಸರಿಸುತ್ತದೆ. ಅವುಗಳಲ್ಲಿ ಗೋದಾವರಿ ತೀರದ ಅಶ್ಮಕವೊಂದೇ ದಕ್ಷಿಣದ್ದು. ಎಲ್ಲವೂ ಅರಸೊತ್ತಿಗೆಗಳೇನೂ ಆಗಿರಲಿಲ್ಲ. ವೈಶಾಲಿಯನ್ನು ಕೇಂದ್ರವಾಗಿಸಿಕೊಂಡಿದ್ದ ವಜ್ಜಿ ಒಕ್ಕೂಟದಲ್ಲಿ ಲಿಚ್ಛವಿ ಮೊದಲಾದ ಕುಲಗಳ ಮುಖಂಡರು ಸಭೆ ಸೇರಿ ತೀರ್ಮಾನಿಸುತ್ತಿದ್ದರು. ಬೆಟ್ಟಗಳ ನಡುವಣ ರಾಜಗೃಹದಿಂದ ಆಳಿದ ಮಗಧದ ಬಿಂಬಿಸಾರನು ಅಂಗ ರಾಜ್ಯವನ್ನು ನುಂಗಿದ ಮೇಲೆ, ಅವನ ಮಗ ಅಜಾತಶತ್ರು ದೀರ್ಘ ಯುದ್ಧದಲ್ಲಿ ವಜ್ಜಿಗಳನ್ನು ಮಣಿಸಿದನು. ಅವರನ್ನು ತಡೆಯಲೆಂದು ಗಂಗೆಯ ದಡದ ಪಾಟಲಿಗ್ರಾಮದಲ್ಲಿ ಅವನ ಮಂತ್ರಿಗಳು ಕಟ್ಟಿಸಿದ ಕೋಟೆಯೇ ಮುಂದೆ ಮೌರ್ಯರ ರಾಜಧಾನಿ ಪಾಟಲಿಪುತ್ರವಾಗಿ ಬೆಳೆಯಿತು.