ಕೆಮಿಕಲ್ ಎಂಜಿನಿಯರಿಂಗ್ ಎಂದರೆ ಕೆಮಿಸ್ಟ್ರಿಯೇ?

ಪ್ರಶ್ನೆ: ಪಿಯುಸಿಯಲ್ಲಿ ಕೆಮಿಸ್ಟ್ರಿ ಇಷ್ಟಪಟ್ಟವರು ಕೆಮಿಕಲ್ ಎಂಜಿನಿಯರಿಂಗ್ ಓದಬಹುದೇ? ಎರಡಕ್ಕೂ ಏನು ವ್ಯತ್ಯಾಸ?

ಉತ್ತರ: ಖಂಡಿತ ಓದಬಹುದು, ಆದರೆ ಗಣಿತ, ಭೌತಶಾಸ್ತ್ರಗಳೂ ಹಿಡಿಸಬೇಕು. ಬೀಕರಿನಲ್ಲಿ ನಡೆದ ಕ್ರಿಯೆಯನ್ನು ಕಾರ್ಖಾನೆಯಲ್ಲಿ ಟನ್‌ಗಟ್ಟಲೆ ನಡೆಸುವುದೇ ಇಲ್ಲಿನ ವಿದ್ಯೆ. ಪಾತ್ರೆಯ ಉದ್ದ, ಅಗಲ, ಎತ್ತರ ಮೂರೂ 10 ಪಟ್ಟಾದರೆ ಒಳಗಿನ ದ್ರವ 1000 ಪಟ್ಟಾಗುತ್ತದೆ; ಶಾಖ ಹೊರಹೋಗುವ ಮೈ ಮಾತ್ರ 100 ಪಟ್ಟು. ಬೀಕರಿನಲ್ಲಿ ಬೆಚ್ಚಗಾಗಿ ಸುಮ್ಮನಾದ ಕ್ರಿಯೆ ಅಲ್ಲಿ ಕೈಮೀರಿ ಸಿಡಿಯಬಹುದು. ಅದಕ್ಕೇ ನಾಲ್ಕು ವರ್ಷಗಳಲ್ಲಿ ದ್ರವಗಳ ಹರಿವು, ಶಾಖದ ಸಾಗಣೆ, ಬಟ್ಟಿ ಇಳಿಸುವಿಕೆ, ರಿಯಾಕ್ಟರ್ ವಿನ್ಯಾಸ ಕಲಿಸುತ್ತಾರೆ. ಮೊದಲ ಪಾಠ ಮನೆಯ ಲೆಕ್ಕದಷ್ಟೇ ಸರಳ: ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು. ಅಮೆರಿಕದ ಎಂಐಟಿ 1888ರಲ್ಲೇ ಈ ಕೋರ್ಸ್ ಆರಂಭಿಸಿತು. ನಮ್ಮ ಸುರತ್ಕಲ್‌ನ ಎನ್‌ಐಟಿಕೆಯಲ್ಲೂ ಇದನ್ನು ಓದಬಹುದು.