ಹೆತ್ತವರ ಮರುಪಯಣ: ಕೆನಡಾದ ಕಾನೂನು, ಮಕ್ಕಳ ಹೊಣೆ

ಹೆತ್ತವರನ್ನು ಮುಪ್ಪಿನಲ್ಲಿ ಕಣ್ಣೆದುರಿಗೆ ಇರಿಸಿಕೊಂಡು ಸಲಹಬೇಕೆಂಬ ಹಂಬಲಕ್ಕೆ ದೇಶಭೇದವಿಲ್ಲ. ಆದರೆ ಆ ಹಂಬಲ ಈಡೇರುವ ದಾರಿಯಲ್ಲಿ ಗಡಿಗಳುಂಟು, ಕಾನೂನುಗಳುಂಟು. ನಮ್ಮ ಓದುಗರಲ್ಲಿಯೂ ಮಕ್ಕಳು ಟೊರಾಂಟೊ, ವ್ಯಾಂಕೂವರ್ ನಗರಗಳಲ್ಲಿ ನೆಲೆಸಿರುವ ಕುಟುಂಬಗಳಿವೆ. ಕೆನಡಾದಲ್ಲಿ ಒಮ್ಮೆ ನಿರಾಶ್ರಿತರೆಂದು ಆಶ್ರಯ ಬೇಡಿ, ಆ ಮೊರೆ ತಿರಸ್ಕೃತವಾದ ತಂದೆತಾಯಿಗಳನ್ನು ಅಲ್ಲಿ ನೆಲೆನಿಂತ ಮಕ್ಕಳು ಮರಳಿ ಕರೆಸಿಕೊಳ್ಳಬಹುದೇ? ಈ ಪ್ರಶ್ನೆಯನ್ನು ನಾವು ಇಲ್ಲಿ ವಿವೇಚಿಸಬಯಸುತ್ತೇವೆ.

ಮೊರೆ ಕೇಳುವ ಧರ್ಮ

ಆಶ್ರಯ ಬೇಡಿದವನ ಮಾತನ್ನು ಎದುರಿಗೆ ಕುಳ್ಳಿರಿಸಿಕೊಂಡು ಕೇಳಬೇಕೆಂಬ ನಿಯಮ ಕೆನಡಾದಲ್ಲಿ ತಾನಾಗಿ ಬಂದುದಲ್ಲ. ಭಾರತದಿಂದ ಹೋದ ಸಿಖ್ಖರೂ ಸೇರಿದ್ದ ಕೆಲವರು ಹೂಡಿದ ಮೊಕದ್ದಮೆಯಲ್ಲಿ, 1985ರ ಏಪ್ರಿಲ್ 4ರಂದು, ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಅವರಿಗೆ ಮೌಖಿಕ ವಿಚಾರಣೆಯ ಹಕ್ಕುಂಟೆಂದು ತೀರ್ಪಿತ್ತಿತು. ‘ಸಿಂಗ್ ಪ್ರಕರಣ’ವೆಂದೇ ಅದು ಪ್ರಸಿದ್ಧ. 1989ರಲ್ಲಿ ವಲಸೆ ಮತ್ತು ನಿರಾಶ್ರಿತರ ಮಂಡಳಿ ಸ್ಥಾಪಿತವಾಯಿತು.

ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿದ ಕಾರಣದಿಂದ ಹಿಂಸೆಗೊಳಗಾಗುವ ಭಯವಿರುವವನು ನಿರಾಶ್ರಿತನೆನಿಸುತ್ತಾನೆ. ಮೊರೆ ತಿರಸ್ಕೃತವಾಯಿತೆಂದ ಮಾತ್ರಕ್ಕೆ ಮೊರೆಯಿಟ್ಟವನು ಸುಳ್ಳುಗಾರನೆಂದು ತಿಳಿಯಬಾರದು. ಭಯ ನಿಜವಿದ್ದೂ ಸಾಕ್ಷ್ಯ ಸಾಲದಿರಬಹುದು. ಅಥವಾ ಸ್ವದೇಶದಲ್ಲಿಯೇ ಬೇರೊಂದು ಊರಿನಲ್ಲಿ ನಿರ್ಭಯವಾಗಿ ಬಾಳಬಹುದೆಂದು ಮಂಡಳಿ ಭಾವಿಸಿರಬಹುದು.

ಮೂವತ್ತು ದಿನಗಳ ಮಹತ್ವ

ಇಬ್ಬರು ತಾಯಂದಿರನ್ನು ಕಲ್ಪಿಸಿಕೊಳ್ಳೋಣ. ಇಬ್ಬರ ಮೊರೆಯೂ ತಿರಸ್ಕೃತವಾಗಿದೆ. ಇಬ್ಬರ ಮೇಲೂ ನಿರ್ಗಮನ ಆದೇಶವಿದೆ. ಆ ಆದೇಶ ಜಾರಿಗೆ ಬಂದ 30 ದಿನಗಳೊಳಗೆ ಮೊದಲನೆಯವಳು ಹೊರಟಳು. ವಿಮಾನ ನಿಲ್ದಾಣದಲ್ಲಿ ಗಡಿ ಸೇವಾ ಅಧಿಕಾರಿಯನ್ನು ಕಂಡು, ನಿರ್ಗಮನದ ಪ್ರಮಾಣಪತ್ರವನ್ನು ಪಡೆದು ಊರಿಗೆ ಬಂದಳು. ಎರಡನೆಯವಳು ಮೊಮ್ಮಗುವಿನ ಮೇಲಣ ಮಮತೆಯಿಂದ ಇನ್ನೊಂದು ತಿಂಗಳು ಉಳಿದು, ಬಳಿಕ ಯಾರಿಗೂ ತಿಳಿಸದೆ ವಿಮಾನವೇರಿದಳು.

ವ್ಯತ್ಯಾಸ ಕೆಲವೇ ದಿನಗಳದು. ಪರಿಣಾಮ ಮಾತ್ರ ದೀರ್ಘವಾದುದು. ಎರಡನೆಯ ತಾಯಿಯ ನಿರ್ಗಮನ ಆದೇಶವು ಗಡೀಪಾರು ಆದೇಶವಾಗಿ ಮಾರ್ಪಡುತ್ತದೆ. ಆಕೆ ಎಷ್ಟು ವರ್ಷಗಳಾದ ಮೇಲೆ ಮರಳಿ ಹೋಗಬೇಕೆಂದರೂ ಪುನಃಪ್ರವೇಶಕ್ಕೆ ಪ್ರತ್ಯೇಕ ಅನುಮತಿಯನ್ನು ಬೇಡಬೇಕು. ಅದು ದೊರೆತೇ ತೀರುವುದೆಂಬ ಭರವಸೆಯಿಲ್ಲ. ಮೊದಲನೆಯವಳಿಗೆ ಈ ತೊಡಕಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತಾಗಬಾರದು.

ಮಕ್ಕಳು ಹೊರಬೇಕಾದ ಭಾರ

ತಿರಸ್ಕೃತವಾದ ಮೊರೆಯೊಂದೇ ಪ್ರಾಯೋಜನೆಗೆ ಅಡ್ಡಿಯಲ್ಲ ಎಂಬುದು ಸಮಾಧಾನದ ಸಂಗತಿ. ಹದಿನೆಂಟು ತುಂಬಿದ, ಕೆನಡಾದ ಪೌರತ್ವ ಅಥವಾ ಕಾಯಂ ನಿವಾಸದ ಹಕ್ಕುಳ್ಳ ಮಗನೋ ಮಗಳೋ ಹೆತ್ತವರನ್ನು ಪ್ರಾಯೋಜಿಸಬಹುದು. ಸಾಮಾನ್ಯವಾಗಿ ಮೂರು ವರ್ಷಗಳ ತೆರಿಗೆ ದಾಖಲೆಗಳಲ್ಲಿ ನಿಗದಿತ ಆದಾಯ ಕಾಣಬೇಕು. ಕ್ಯೂಬೆಕ್ ಪ್ರಾಂತ್ಯವನ್ನುಳಿದು ಬೇರೆಡೆ 20 ವರ್ಷಗಳವರೆಗೆ ಹೆತ್ತವರ ಪೋಷಣೆಯ ಹೊಣೆ ತಮ್ಮದೆಂದು ಬರೆದುಕೊಡಬೇಕು. ಅವರು ಸರ್ಕಾರದ ಸಾಮಾಜಿಕ ನೆರವು ಪಡೆದರೆ ಆ ಹಣವನ್ನು ಮಕ್ಕಳೇ ಮರಳಿಸಬೇಕಾಗುತ್ತದೆ. ಹೆತ್ತವರ ಆರೋಗ್ಯ ತಪಾಸಣೆಯೂ ಆಗಬೇಕು.

ಮಕ್ಕಳು ಅರ್ಜಿ ಹಾಕಿದ ಕೂಡಲೇ ಗಡೀಪಾರು ನಿಲ್ಲುತ್ತದೆಂದು ಕೆಲವರು ನಂಬುವುದುಂಟು. ಅದು ತಪ್ಪು. ಕೆನಡಾದೊಳಗೇ ಇದ್ದು ಅರ್ಜಿ ನಡೆಸುವ ವರ್ಗ ಗಂಡಹೆಂಡಿರಿಗೆ ಉಂಟು, ತಂದೆತಾಯಿಗಳಿಗೆ ಇಲ್ಲ. ಮಾನವೀಯ ಕಾರಣಗಳ ಮೇಲೆ ಅರ್ಜಿ ಸಲ್ಲಿಸಬೇಕೆಂದರೂ ತಿರಸ್ಕಾರದ ಬಳಿಕ ಸಾಮಾನ್ಯವಾಗಿ 12 ತಿಂಗಳು ಕಾಯಬೇಕು.

ಕಾಯುವಿಕೆ

ಅರ್ಹತೆಯಿದ್ದರೂ ಸರದಿ ಸುಲಭವಲ್ಲ. 2011ರ ನವೆಂಬರಿನಲ್ಲಿ ಹೊಸ ಅರ್ಜಿಗಳನ್ನು ನಿಲ್ಲಿಸಿ, 2014ರಲ್ಲಿ ವರ್ಷಕ್ಕೆ 5,000ದ ಮಿತಿಯೊಡನೆ ಮತ್ತೆ ತೆರೆಯಲಾಯಿತು. 2020ರ ಶರತ್ಕಾಲದಲ್ಲಿ ಮೂರು ವಾರಗಳ ಕಾಲ ಆಸಕ್ತರ ಹೆಸರುಗಳನ್ನು ಬರೆದುಕೊಳ್ಳಲಾಯಿತು. 2021ರಿಂದ 2025ರವರೆಗಿನ ಆಹ್ವಾನಗಳು ಆ ಪಟ್ಟಿಯಿಂದಲೇ ಹೊರಟವು. ಆ ಮೂರು ವಾರಗಳನ್ನು ತಪ್ಪಿಸಿಕೊಂಡ ಮಕ್ಕಳು ವರ್ಷ ವರ್ಷವೂ ಕಾದರು. ಊರಿನಲ್ಲಿ ಹೆತ್ತವರ ವಯಸ್ಸು ಯಾರಿಗೂ ಕಾಯಲಿಲ್ಲ.

ಇದಕ್ಕೆ ಪರ್ಯಾಯವಾಗಿ 2011ರ ಡಿಸೆಂಬರಿನಲ್ಲಿ ಬಂದ ಸೂಪರ್ ವೀಸಾ ಉಂಟು. 2022ರ ಜುಲೈಯಿಂದ ಒಂದು ಸಲ ಹೋದರೆ 5 ವರ್ಷಗಳವರೆಗೆ ಇರಲು ಅದು ಅವಕಾಶ ಕೊಟ್ಟಿತು. ಆದರೆ ಕನಿಷ್ಠ ಒಂದು ಲಕ್ಷ ಡಾಲರಿನ ಆರೋಗ್ಯ ವಿಮೆ ಬೇಕು. ಅವಧಿ ಮುಗಿದಾಗ ಹಿಂದಿರುಗುವರೆಂಬ ನಂಬಿಕೆ ಅಧಿಕಾರಿಗೆ ಬರಬೇಕು. ಆ ನಂಬಿಕೆಯನ್ನು ಹುಟ್ಟಿಸುವುದರಲ್ಲಿ ಮೊದಲನೆಯ ತಾಯಿಯ ಪ್ರಮಾಣಪತ್ರದ ಬೆಲೆ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸತ್ಯವೇ ದಾರಿ

ಕಾಯಂ ನಿವಾಸದ ಅರ್ಜಿಯಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ: ಹಿಂದೆ ಆಶ್ರಯ ನಿರಾಕರಣೆಯಾಗಿತ್ತೇ, ದೇಶ ಬಿಡುವಂತೆ ಆದೇಶವಾಗಿತ್ತೇ? ‘ಇಲ್ಲ’ ಎಂದು ಬರೆಯಲು ಮನಸ್ಸಾಗುವುದು ಸಹಜ. ಹಾಗೆಂದು ಸಲಹೆ ಕೊಡುವ ದಲ್ಲಾಳಿಗಳೂ ಇಲ್ಲದಿಲ್ಲ. ಆದರೆ ಹಳೆಯ ಕಡತ ಅಲ್ಲಿಯೇ ಇರುತ್ತದೆ. ಸುಳ್ಳು ಹೊರಬಿದ್ದರೆ 5 ವರ್ಷಗಳ ನಿಷೇಧ ಬರುತ್ತದೆ. ಎಪ್ಪತ್ತು ದಾಟಿದವರಿಗೆ ಐದು ವರ್ಷವೆಂದರೆ ಅಲ್ಪಕಾಲವೇ?

ಆದುದರಿಂದ ನಾವು ಹೇಳುವುದಿಷ್ಟು. ಹೆತ್ತವರನ್ನು ಬಳಿಯಲ್ಲಿರಿಸಿಕೊಳ್ಳುವ ಉಪಾಯವೆಂದು ಇಲ್ಲದ ಭಯವನ್ನು ಕಟ್ಟಿ ಆಶ್ರಯದ ಮೊರೆ ಹಾಕಿಸಬೇಡಿ. ಅದು ನಿಜವಾಗಿ ಜೀವಭಯದಿಂದ ಓಡಿಬಂದವನ ಮಾತಿನ ಬೆಲೆಯನ್ನೂ ಕುಗ್ಗಿಸುತ್ತದೆ. ನಿಜದ ಮೊರೆ ಸೋತಿದ್ದರೆ ಆದೇಶದಂತೆ ಹೊರಟು, ಕಾಗದಪತ್ರಗಳನ್ನು ಜೋಪಾನವಾಗಿರಿಸಿ, ನಡೆದುದನ್ನು ನಡೆದಂತೆಯೇ ಬರೆದು, ಪರವಾನಗಿಯುಳ್ಳ ವಕೀಲರ ಸಲಹೆ ಪಡೆಯಿರಿ. ದಾರಿ ಉದ್ದವಾದೀತು, ಆದರೆ ಮುಚ್ಚಿಹೋಗದು. ಅಲ್ಲಿಯವರೆಗೆ ದೂರದಲ್ಲಿರುವ ತಾಯಿಗೆ ವಾರಕ್ಕೊಮ್ಮೆಯಾದರೂ ಮಗಳ ದನಿ ಕೇಳಿಸಲಿ. ಅದಕ್ಕೆ ಯಾವ ದೇಶದ ಅನುಮತಿಯೂ ಬೇಕಾಗಿಲ್ಲ.